ಹದಿನೇಳು ಮೈಲಿಯ ಹಗೆ

ಪೆನ್ಸಿಲ್ವೇನಿಯಾದಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಒಂದು ಪ್ರಶ್ನೆ ತಪ್ಪುವುದಿಲ್ಲ: ನಿಮ್ಮ ಟೀಮ್ ಯಾವುದು? ಪೆನ್ ಸ್ಟೇಟ್ ಅಂದರೆ ಮಾತು ಅರ್ಧ ಗಂಟೆ ಬೆಳೆಯುತ್ತದೆ. ಮಿಶಿಗನ್ ಅಥವಾ ಒಹಾಯೊ ಸ್ಟೇಟ್ ಅಂದರೆ ಸಣ್ಣ ಜಗಳವೇ ಆಗುತ್ತದೆ. ನಾನು ‘ಲೀಹೈ’ ಅನ್ನುತ್ತೇನೆ. ಎದುರಿನವರು ಒಂದು ಗಳಿಗೆ ತಡೆದು, “ಓ, ಒಳ್ಳೇ ಎಂಜಿನಿಯರಿಂಗ್ ಕಾಲೇಜು” ಅನ್ನುತ್ತಾರೆ. ಫುಟ್‌ಬಾಲ್ ಮಾತು ಅಲ್ಲಿಗೆ ಮುಗಿಯಿತು.

ಅವರದೇನೂ ತಪ್ಪಿಲ್ಲ. ಪೆನ್ ಸ್ಟೇಟಿನ ಬೀವರ್ ಸ್ಟೇಡಿಯಮ್ಮಿನಲ್ಲಿ 1,06,000ಕ್ಕೂ ಹೆಚ್ಚು ಜನ ಕೂರುತ್ತಾರೆ. ನಮ್ಮ ಗುಡ್‌ಮನ್ ಸ್ಟೇಡಿಯಮ್ಮಿನಲ್ಲಿ 16,000 ಜನಕ್ಕೆ ಜಾಗ, ಅದೂ ಸುಮ್ಮಸುಮ್ಮನೆ ತುಂಬುವುದಿಲ್ಲ. ಕಾಲೇಜು ಫುಟ್‌ಬಾಲಿನ ಮೊದಲ ದರ್ಜೆಯಲ್ಲೇ ಎರಡು ಪಂಕ್ತಿ. ಟಿವಿಯಲ್ಲಿ ದಿನವಿಡೀ ಬರುವುದು ಮೇಲಿನದು. ನಾವು ಎಫ್‌ಸಿಎಸ್ ಅನ್ನುವ ಕೆಳಗಿನ ಪಂಕ್ತಿಯವರು. ಅದರೊಳಗೂ ನಮ್ಮ ಪೇಟ್ರಿಯಟ್ ಲೀಗ್ ತುಸು ಮಡಿವಂತ. 1986ರಲ್ಲಿ ಆಟ ಶುರುಮಾಡಿದ ಈ ಲೀಗ್, ಚೆಂಡು ಹಿಡಿಯುವ ಕೈಗೆಂದೇ ಸ್ಕಾಲರ್‌ಶಿಪ್ ಕೊಡಲು ಫುಟ್‌ಬಾಲಿನಲ್ಲಿ ಒಪ್ಪಿದ್ದು 2012ರಲ್ಲಿ. ಅಲ್ಲಿಯವರೆಗೆ ಹುಡುಗರಿಗೆ ಸಿಗುತ್ತಿದ್ದದ್ದು ಮನೆಯ ವರಮಾನ ನೋಡಿ ಕೊಡುವ ನೆರವು ಮಾತ್ರ.

ಹಾಗೆಂದು ಲೀಹೈ ಏನೂ ಗೆಲ್ಲದ ಕಾಲೇಜಲ್ಲ. 1977ರಲ್ಲಿ ಎರಡನೆಯ ದರ್ಜೆಯ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಫೈನಲ್‌ನಲ್ಲಿ ಜ್ಯಾಕ್ಸನ್‌ವಿಲ್ ಸ್ಟೇಟ್ ವಿರುದ್ಧ 33–0. ಆದರೆ ನಮ್ಮ ಕಾಲೇಜಿನವರಿಗೆ ಈ ಸಂಗತಿ ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಾರೆ. ಅವರು ಕಾಯುತ್ತಿರುವ ಪ್ರಶ್ನೆ ಬೇರೆ: ಆ ವರ್ಷ ಲಾಫಯೆಟ್ ಮೇಲೆ ಏನಾಯಿತು?

ಲೀಹೈ ಇರುವುದು ಬೆತ್ಲೆಹೆಮ್ಮಿನಲ್ಲಿ, ಲಾಫಯೆಟ್ ಈಸ್ಟನ್ನಿನಲ್ಲಿ. ನಡುವೆ 17 ಮೈಲಿ. ನಮ್ಮೂರಿನ ಪಕ್ಕ ಹರಿಯುವ ಲೀಹೈ ನದಿ ಅವರೂರಿಗೆ ಹೋಗಿ ಡೆಲವೇರ್ ಸೇರುತ್ತದೆ. ಅವರ ಕಾಲೇಜು ಹಳೆಯದು, 1826ರದು. ನಮ್ಮದನ್ನು ರೈಲ್ವೆಯ ಸಾಹುಕಾರ ಏಸಾ ಪ್ಯಾಕರ್ 1865ರಲ್ಲಿ ಕಟ್ಟಿಸಿದ. 1884ರ ಅಕ್ಟೋಬರಿನಲ್ಲಿ ಇಬ್ಬರೂ ಮೊದಲ ಸಲ ಆಡಿದರು. ಲಾಫಯೆಟ್ 50, ಲೀಹೈ ಸೊನ್ನೆ. ಆ ಸೊನ್ನೆಯ ತಂಡದಲ್ಲಿದ್ದ ರಿಚರ್ಡ್ ಹಾರ್ಡಿಂಗ್ ಡೇವಿಸ್ ಮುಂದೆ ಯುದ್ಧ ವರದಿಗಾರನಾಗಿ ದೇಶಕ್ಕೆಲ್ಲ ಹೆಸರಾದ. ಮೊದಮೊದಲು ವರ್ಷಕ್ಕೆ ಎರಡು ಸಲ ಆಡುತ್ತಿದ್ದರು, 1891ರಲ್ಲಂತೂ ಮೂರು ಸಲ. 1896ರಲ್ಲಿ ಮಾತ್ರ ಒಂದೂ ಆಟವಿಲ್ಲ. ಲಾಫಯೆಟ್‌ನ ಜಾರ್ಜ್ ಬಾರ್ಕ್ಲೆ ದುಡ್ಡು ತೆಗೆದುಕೊಂಡು ಬೇಸ್‌ಬಾಲ್ ಆಡಿದವನು, ಅವನನ್ನು ಇಳಿಸಬಾರದು ಅಂತ ಲೀಹೈ ಪಟ್ಟು ಹಿಡಿಯಿತು. ಲಾಫಯೆಟ್ ಇಳಿಸಿಯೇ ಸಿದ್ಧ ಅಂತು. ತಲೆಗೆ ಚರ್ಮದ ಪಟ್ಟಿಗಳ ಕವಚ ಕಟ್ಟಿಕೊಂಡು ಆಡಿ, ಇವತ್ತಿನ ಹೆಲ್ಮೆಟ್ಟಿಗೆ ದಾರಿ ತೋರಿಸಿದವನು ಇವನೇ ಅನ್ನುತ್ತಾರೆ. ಒಬ್ಬ ಬಾರ್ಕ್ಲೆಗಾಗಿ ಒಂದು ವರ್ಷದ ಮಾತು ಬಿಟ್ಟವರು ಆಮೇಲೆ ಎರಡು ಮಹಾಯುದ್ಧ ಬಂದರೂ ಆಟ ಬಿಡಲಿಲ್ಲ. ಕೋವಿಡ್ಡಿನಿಂದ 2020ರ ನವೆಂಬರ್ ಆಟ ತಪ್ಪಿತು. ಅದನ್ನು ಕೈಬಿಡದೆ 2021ರ ಏಪ್ರಿಲ್‌ನಲ್ಲಿ ಆಡಿ, ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಆಡಿದರು. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಇಷ್ಟು ಸಲ ಎದುರುಬದುರಾದ ಜೋಡಿ ಇನ್ನೊಂದಿಲ್ಲ. ಒಟ್ಟು ಲೆಕ್ಕದಲ್ಲಿ ಅವರೇ ಮುಂದೆ. ಇದನ್ನು ಬರೆಯುವಾಗಲೂ ಹೊಟ್ಟೆ ಸ್ವಲ್ಪ ಉರಿಯುತ್ತದೆ.

ಭದ್ರಾವತಿಯಿಂದ ಬಂದ ನನಗೂ ಈ ಉರಿಗೂ ಎತ್ತಣ ಸಂಬಂಧ?

1990ರ ದಶಕದ ಕೊನೆಯಲ್ಲಿ ಎಂ.ಎಸ್. ಮಾಡಲು ಲೀಹೈಗೆ ಬಂದೆ. ಕ್ಯಾಂಪಸ್ಸು ಸೌತ್ ಮೌಂಟನ್ ಗುಡ್ಡದ ಇಳಿಜಾರಿಗೆ ಅಂಟಿಕೊಂಡಿದೆ. ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದರೆ ನದಿಯುದ್ದಕ್ಕೂ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆ, ಸಾಲಾಗಿ ನಿಂತ ಊದುಕುಲುಮೆಗಳು. ಹೊಗೆಯಿಲ್ಲ, ಸದ್ದಿಲ್ಲ. ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಕೊಟ್ಟ ಕಂಪನಿ ಅದು. ಭದ್ರಾವತಿಯ ನಮ್ಮ ಮನೆಯಲ್ಲೂ ಗಡಿಯಾರಕ್ಕಿಂತ ಕಾರ್ಖಾನೆಯ ಸೈರನ್ನಿಗೆ ಬೆಲೆ ಹೆಚ್ಚು. ಅಪ್ಪ ಶಿಫ್ಟಿಗೆ ಹೊರಡುತ್ತಿದ್ದದ್ದು, ನಾವು ಶಾಲೆಗೆ ಹೊರಡುತ್ತಿದ್ದದ್ದು ಅದರ ಮೇಲೆ. 1923ರಲ್ಲಿ ಕಾಡಿನ ಸೌದೆ ಸುಟ್ಟ ಇದ್ದಿಲಿನಿಂದ ಕಬ್ಬಿಣ ಕರಗಿಸಲು ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕತೆಗಳನ್ನು ಕೇಳುತ್ತಲೇ ಬೆಳೆದವನು ನಾನು. ಹಾಗಾಗಿ ಬೆತ್ಲೆಹೆಮ್ಮಿನ ಆ ಕುಲುಮೆಗಳ ಎದುರು, ಊರಿಗೆ ಹೊಸಬ ಅನ್ನಿಸುವ ಬದಲು, ನೆಂಟರ ಮನೆಗೆ ಸಾವಾದ ಮೇಲೆ ತಡವಾಗಿ ಬಂದಂತೆ ಅನ್ನಿಸಿತು.

ಫುಟ್‌ಬಾಲಿಗೆ ನನ್ನನ್ನು ಎಳೆದವನು ಒಬ್ಬ ವಿದ್ಯಾರ್ಥಿ. ಉಕ್ಕಿನ ಸರಳನ್ನು ಎಳೆದು ಮುರಿಯುವ ಲ್ಯಾಬಿಗೆ ನಾನು ಟೀಚಿಂಗ್ ಅಸಿಸ್ಟೆಂಟ್. ಬಾಗಿಲ ತುಂಬ ಮೈಯ ಆ ಹುಡುಗ ಸೋಮವಾರ ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದು ಕ್ಯಾಲಿಪರ್ ಹಿಡಿಯಲು ಒದ್ದಾಡುತ್ತಿದ್ದ. ವರದಿ ತಡ ಮಾಡಿದ. ನಿಯಮದಂತೆ ಅಂಕ ಕಳೆದೆ. ಅವನು ವಾದ ಮಾಡಲಿಲ್ಲ, “ಸರಿ ಸರ್” ಎಂದು ಹೋದ. ಆಮೇಲೆ ಯಾರೋ ಹೇಳಿದರು, ಅವನು ಶನಿವಾರದ ಆಟದಲ್ಲಿ ಕ್ವಾರ್ಟರ್‌ಬ್ಯಾಕಿಗೆ ಅಡ್ಡಲಾಗಿ ನಿಲ್ಲುವವನು ಅಂತ. ನಾನು ಅಂಕ ಕಳೆದ ಹುಡುಗ ಮೈದಾನದಲ್ಲಿ ಏನು ಮಾಡುತ್ತಾನೆ ನೋಡೋಣ ಅಂತ ಗುಡ್ಡ ದಾಟುವ ಬಸ್ಸು ಹತ್ತಿದೆ. ಚೆಂಡು ಎಲ್ಲಿದೆ ಅನ್ನುವುದೇ ತಿಳಿಯಲಿಲ್ಲ. ಅವನ ನಂಬರ್ ಒಂದನ್ನೇ ಹಿಡಿದು ನೋಡಿದೆ. ಚೆಂಡನ್ನು ಒಮ್ಮೆಯೂ ಮುಟ್ಟದೆ ಪ್ರತಿ ಸಲವೂ ಪೆಟ್ಟು ತಿನ್ನುವ ಕೆಲಸ. ಪಂದ್ಯ ಗೆದ್ದ ಮೇಲೆ ಅವನ ಹೆಸರನ್ನು ಯಾರೂ ಕೂಗಲಿಲ್ಲ. ದೊಡ್ಡ ಕಾಲೇಜಿನ ಆಟಗಾರರನ್ನು ಟಿವಿಯವರು ನಮಗೆ ಪರಿಚಯ ಮಾಡಿಸುತ್ತಾರೆ. ಸಣ್ಣ ಕಾಲೇಜಿನಲ್ಲಿ ಪರಿಚಯ ಮೊದಲು, ಆಟ ಆಮೇಲೆ.

ಆ ಕಾಲ ನಮ್ಮದೇ. 1995ರಿಂದ 2001ರವರೆಗೆ ಪ್ರತಿ ವರ್ಷವೂ ಲಾಫಯೆಟ್ ಸೋತಿತು. ಆ ವಾರ ಬಂತೆಂದರೆ ಪಾಠ ನಡೆಯುತ್ತಿರುವ ಕೊಠಡಿಗೇ ಕಾಲೇಜಿನ ‘ಮಾರ್ಚಿಂಗ್ 97’ ಬ್ಯಾಂಡು ಕಹಳೆ ಊದುತ್ತ ನುಗ್ಗುತ್ತಿತ್ತು. ನಮ್ಮಲ್ಲಿ ಮೇಷ್ಟರು ಬೋರ್ಡಿಗೆ ತಿರುಗಿದಾಗ ಕೆಮ್ಮಿದರೂ ಹೊರಗೆ ಕಳಿಸುತ್ತಿದ್ದರು. ಇಲ್ಲಿ ಪ್ರೊಫೆಸರು ಚಾಕ್ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದರು! ಕಂದು ಬಿಳುಪು ನಮ್ಮ ಬಣ್ಣ. ಯಾವುದೋ ಹೆಣ್ಣುಮಗಳ ಪಟ್ಟೆಪಟ್ಟೆ ಕಾಲುಚೀಲ ನೋಡಿ ಆರಿಸಿಕೊಂಡದ್ದು ಅಂತ ಕತೆಯಿದೆ. ಅದೇನೇ ಇರಲಿ, ಇಷ್ಟು ಮಂಕಾದ ಬಣ್ಣವನ್ನು ಇಷ್ಟು ಹೆಮ್ಮೆಯಿಂದ ತೊಡುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ.

ಗ್ಯಾಲರಿಯಲ್ಲಿ ನನ್ನ ಮುಂದಿನ ಸಾಲಿಗೆ ಒಬ್ಬ ವೃದ್ಧರು ಬರುತ್ತಿದ್ದರು. ಲೀಹೈಯಲ್ಲಿ ಓದಿದವರಲ್ಲ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ನಮ್ಮಪ್ಪನದೂ ಅದೇ ಕಸುಬು ಅಂತ ಗೊತ್ತಾದ ಮೇಲೆ ಅವರ ಕಂಬಳಿಯ ಅರ್ಧ ನನ್ನ ಮೊಣಕಾಲಿಗೂ ಬಂತು. ಬೆತ್ಲೆಹೆಮ್ಮಿನಲ್ಲಿ ಕೊನೆಯ ಬಾರಿ ಕಬ್ಬಿಣ ಎರಕ ಹೊಯ್ದದ್ದು 1995ರ ನವೆಂಬರ್ 18, ಶನಿವಾರ. ಲಾಫಯೆಟ್ ಜೊತೆಗಿನ ಆಟವೂ ಅದೇ ಶನಿವಾರ. ಒಂದು ಶತಮಾನಕ್ಕೂ ಮೇಲ್ಪಟ್ಟು ಉರಿದ ಬೆಂಕಿ ಗುಡ್ಡದ ಆ ಕಡೆ ಆರುತ್ತಿದ್ದಾಗ, ಈ ಕಡೆ ಪಂದ್ಯ ಸಮವಾಗಿ, ಹೆಚ್ಚುವರಿ ಅವಧಿಗೆ ಹೋಗಿ, ಅದೂ ಸಮವಾಗಿ, ಬೆಳಕು ಕುಂದುತ್ತಿದ್ದಾಗ ಬ್ರಯನ್ ಕ್ಲಿಂಗರ್‌ಮನ್ ಒಂದೇ ಕೈಯಲ್ಲಿ ಚೆಂಡು ಹಿಡಿದ. ಲೀಹೈ 37, ಲಾಫಯೆಟ್ 30. ಆ ದಿನ ನೀವು ಎಲ್ಲಿದ್ದಿರಿ ಅಂತ ಕೇಳಿದೆ. “ಇಲ್ಲೇ. ಅಲ್ಲಿ ನಿಂತು ನೋಡುವುದು ನನ್ನ ಕೈಲಿ ಆಗುತ್ತಿರಲಿಲ್ಲ” ಅಂದರು. ಸ್ವಲ್ಪ ಹೊತ್ತು ಬಿಟ್ಟು, ಆ ಕ್ಯಾಚಿನ ವಿವರವನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿದರು.

ಬೇರೆ ದೇಶದಲ್ಲಿ ಸ್ನೇಹಿತರು ಬೇಗ ಸಿಗುತ್ತಾರೆ. ಕನ್ನಡ ಕೂಟ ಸಿಗುತ್ತದೆ, ದೇವಸ್ಥಾನ ಸಿಗುತ್ತದೆ, ಕರಿಬೇವು ಕೂಡ ಸಿಗುತ್ತದೆ. ಜಗಳವಾಡಲು ಒಬ್ಬ ನೆರೆಯವನು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಹೊಸಬನಾದವನು ಎಲ್ಲರ ಜೊತೆಗೂ ನಗುತ್ತಲೇ ಇರಬೇಕು. ಎಲ್ಲರೂ ಒಳ್ಳೆಯವರು, ಎಲ್ಲ ಊರೂ ಚೆಂದ. ಅಂಥ ನನಗೆ ಲೀಹೈ ಒಂದು ಸಿದ್ಧ ಹಗೆಯನ್ನು ಕೊಟ್ಟಿತು, ನಾನು ಹುಟ್ಟುವ ಮೊದಲೇ ಶುರುವಾಗಿ, ನಾನು ಸತ್ತ ಮೇಲೂ ನಡೆಯುವಂಥದ್ದು. ಈಸ್ಟನ್ನಿನವರನ್ನು ಹೀಗಳೆಯಲು ನನ್ನ ಉಚ್ಚಾರ ಯಾರಿಗೂ ಅಡ್ಡಿಯಾಗಲಿಲ್ಲ. ಹೀಗಳೆಯುವ ಹಕ್ಕು ಸಿಕ್ಕ ದಿನ ಬೆತ್ಲೆಹೆಮ್ ನನ್ನೂರಾಯಿತು. ಪೌರತ್ವದ ಕಾಗದ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ.

ಹಗೆ ಅಂದರೂ ಅದು ಬೀಗರ ನಡುವಿನ ಹಗೆ. ಅಪ್ಪ ಲೀಹೈ, ಮಗಳು ಲಾಫಯೆಟ್; ಗಂಡ ಅಲ್ಲಿ, ಹೆಂಡತಿ ಇಲ್ಲಿ. ಮೈದಾನದ ಹೊರಗೆ ಕಾರಿನ ಡಿಕ್ಕಿ ತೆರೆದು ಒಲೆ ಹೂಡುವಾಗ ಎರಡೂ ಬಣ್ಣದ ಸ್ವೆಟರುಗಳು ಒಂದೇ ತಟ್ಟೆಗೆ ಕೈ ಹಾಕುತ್ತವೆ. ನಾವು ಒಯ್ಯುವ ಕೋಡುಬಳೆಗೆ ಅಲ್ಲಿ ಕಾಯಂ ಗಿರಾಕಿಗಳಿದ್ದಾರೆ. ಹಿಂದೆಲ್ಲ ಗೆದ್ದವರು ಗೋಲ್‌ಪೋಸ್ಟ್ ಕಿತ್ತು ಹೊತ್ತೊಯ್ಯುತ್ತಿದ್ದರಂತೆ. 1990ರ ದಶಕದ ಮೊದಲಲ್ಲಿ ಅದು ಪೊಲೀಸರ ಜೊತೆ ಕೈಕೈ ಮಿಲಾಯಿಸುವ ಮಟ್ಟ ಮುಟ್ಟಿ ನಿಂತುಹೋಯಿತು. ಒಳ್ಳೆಯದೇ ಆಯಿತು.

ಒಂದು ತೊಡಕಿದೆ. ಆಟ ನಡೆಯುವುದು ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗಿನ ಹಿಂದಿನ ಶನಿವಾರ. ಕನ್ನಡ ಕೂಟಗಳಿಗೆ ರಾಜ್ಯೋತ್ಸವಕ್ಕೆ ಹಾಲ್ ಸಿಗುವುದೂ ಅದೇ ಶನಿವಾರ. ಸಮಿತಿಯ ಸಭೆಯಲ್ಲಿ ನಾನು ಪ್ರತಿ ಸಲ “ಆ ದಿನ ಬೇಡ” ಅನ್ನುವುದು ನೋಡಿ ಅಧ್ಯಕ್ಷರೊಬ್ಬರು, “ಏನ್ರೀ, ಮನೇಲಿ ಯಾರದ್ದಾದ್ರೂ ಮದುವೆನಾ?” ಅಂದರು. “ಹೌದು ಸರ್, ಮುಹೂರ್ತ ಹನ್ನೆರಡೂವರೆಗೆ” ಅಂದೆ. ದಿನ ಬದಲಾಗಲಿಲ್ಲ. ಆ ವರ್ಷ ಹಚ್ಚೇವು ಕನ್ನಡದ ದೀಪ ಹಾಡುವ ಹೊತ್ತಿಗೆ ನಾನು ಕಂದು ಸ್ವೆಟರಿನಲ್ಲೇ ಓಡಿ ಬಂದು ಹಿಂದಿನ ಸಾಲು ಸೇರಿಕೊಂಡೆ.

ಸೋಲಿನ ಪಾಲೂ ಬಂತು. 2005ರಲ್ಲಿ ಗುಡ್‌ಮನ್‌ನಲ್ಲೇ ನಾವು ಮುಂದಿದ್ದೆವು. ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿಲ್ಲ. ಲಾಫಯೆಟ್‌ಗೆ ಅದು ನಾಲ್ಕನೆಯ ಮತ್ತು ಕಡೆಯ ಪ್ರಯತ್ನ, ಹೋಗಬೇಕಾದದ್ದು 10 ಗಜ. ಪ್ಯಾಟ್ ಡೇವಿಸ್ ಎಸೆದ ಚೆಂಡನ್ನು ಜೊನಾಥನ್ ಹರ್ಟ್ ಎಂಡ್ ಜೋನ್‌ನಲ್ಲಿ ಹಿಡಿದ. 23–19. ಪ್ಲೇಆಫ್ ಅವರಿಗೆ, ಪಾರ್ಕಿಂಗ್ ಲಾಟಿನ ಮೌನ ನಮಗೆ. 2014ರಲ್ಲಿ 150ನೆಯ ಆಟವನ್ನು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿಗೆ ಒಯ್ದರು. 48,256 ಜನ. ಎರಡು ಸಣ್ಣ ಕಾಲೇಜುಗಳ ಹಳೇ ವಿದ್ಯಾರ್ಥಿಗಳು ಮಹಾನಗರದ ರೈಲನ್ನು ನಮ್ಮ ಕಂದು, ಅವರ ಕಡುಗೆಂಪು ಬಣ್ಣದಲ್ಲಿ ತುಂಬಿದ್ದು ನೋಡುವಂತಿತ್ತು. ಆಟ ಮಾತ್ರ ನೋಡುವಂತಿರಲಿಲ್ಲ. ಲಾಫಯೆಟ್‌ನ ರಾಸ್ ಶ್ಯೂಯರ್‌ಮನ್ ಒಬ್ಬನೇ 304 ಗಜ ಓಡಿದ, ನಾವು 27–7ರಲ್ಲಿ ಸೋತೆವು. ಬೇಸ್‌ಬಾಲ್ ಮೈದಾನದಲ್ಲಿ ಆಟ ದೂರದಿಂದ ಕಾಣುತ್ತಿತ್ತು. ಈ ಪಂದ್ಯ 17 ಮೈಲಿ ಬಿಟ್ಟು ಹೊರಗೆ ಬರಬಾರದು ಅನ್ನುವುದು ನನ್ನ ಅಭಿಪ್ರಾಯ. ಗೆದ್ದಿದ್ದರೂ ಹೀಗೇ ಹೇಳುತ್ತಿದ್ದೆನೇ ಅಂತ ಹೆಂಡತಿ ಕೇಳುತ್ತಾಳೆ.

2022ರಲ್ಲಿ ಲೀಹೈ ಆಡಿದ್ದು 11, ಗೆದ್ದದ್ದು ಎರಡೇ. ಅದರಲ್ಲಿ ಒಂದು ಲಾಫಯೆಟ್ ಮೇಲೆ, 14–11. ಆಚೆಯವರಿಗೆ ಇದು ಕೆಟ್ಟ ವರ್ಷ. ನಮ್ಮ ಬಳಗದಲ್ಲಿ ಅದನ್ನು ಯಾರೂ ಹಾಗೆ ನೆನೆಯುವುದಿಲ್ಲ. ಮರುವರ್ಷವೂ ಗೆಲುವು ಎರಡೇ, ಆದರೆ ಲಾಫಯೆಟ್ 49–21ರಲ್ಲಿ ನಮ್ಮನ್ನು ಅರೆದುಹಾಕಿತು. ಅದು ಕೆಟ್ಟ ವರ್ಷ.

ಮಗಳು ಓದಿದ್ದು ಪೆನ್ ಸ್ಟೇಟಿನಲ್ಲಿ. “ಅಪ್ಪಾ, ನಿಮ್ಮ ಸ್ಟೇಡಿಯಂ ನಮ್ಮ ಪಾರ್ಕಿಂಗಿನ ಒಂದು ಮೂಲೇಲಿ ಹಿಡಿಸುತ್ತೆ” ಅನ್ನುತ್ತಾಳೆ. ಅವಳ ಜೊತೆ ಅಲ್ಲಿಗೂ ಹೋಗಿದ್ದೇನೆ. ಲಕ್ಷ ಜನ ಬಿಳಿ ಅಂಗಿ ತೊಟ್ಟು ಒಟ್ಟಿಗೆ ಕೂಗಿದಾಗ ಎದೆ ನಡುಗುವುದು ನಿಜ. ಅಲ್ಲಿ ನಾನೊಬ್ಬ ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗುಡ್‌ಮನ್‌ನಲ್ಲಿ ಒಂದು ಶನಿವಾರ ತಪ್ಪಿಸಿದರೆ ಹಿಂದಿನ ಸಾಲಿನವರು ಫೋನ್ ಮಾಡಿ ಆರೋಗ್ಯ ಕೇಳುತ್ತಾರೆ.

ಈಗ ದುಡ್ಡಿನ ಗಾಳಿ ಕೆಳಗಿನ ಪಂಕ್ತಿಗೂ ಬೀಸುತ್ತಿದೆ. ಎರಡು ವರ್ಷ ಚೆನ್ನಾಗಿ ಆಡಿದ ಹುಡುಗನನ್ನು ದೊಡ್ಡ ಕಾಲೇಜು ಕರೆಯುತ್ತದೆ, ಅವನು ಹೋಗುತ್ತಾನೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಹೆಚ್ಚಿನ ಸಂಬಳ ಕಂಡು ಸಮುದ್ರ ದಾಟಿದವನು ನಾನು! ಲೀಗೂ ಬದಲಾಗುತ್ತಿದೆ. 2025ರಲ್ಲಿ ರಿಚ್ಮಂಡ್ ಬಂದು ಸೇರಿತು; 2026ರಿಂದ ವಿಲಿಯಂ ಅಂಡ್ ಮೇರಿ, ವಿಲನೋವಾ. ಎಲ್ಲವೂ ನಮಗಿಂತ ಗಟ್ಟಿ ತಂಡಗಳು ಅಂತ ಬಲ್ಲವರು ಹೇಳುತ್ತಾರೆ. ಅವರ ಮೇಲೆ ಸೋತರೆ ಬೇಜಾರಾಗಬಹುದು. ಸಿಟ್ಟು ಬರುವುದಿಲ್ಲ, ಅದಷ್ಟೂ ಈಸ್ಟನ್ನಿನವರಿಗೆ ಮೀಸಲು.