ಖಾಲಿ ಹಾಳೆಯ ಲೆಕ್ಕ

ಹೋದ ವರ್ಷ ನಾನೊಂದು ತಪ್ಪು ಮಾಡಿದೆ. ಸಣ್ಣದೇ, ಆದರೆ ಇವತ್ತಿಗೂ ಚುಚ್ಚುತ್ತದೆ.

ನನ್ನ ಮಗಳು ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಮೂರನೇ ಕ್ಲಾಸು. ಒಂದು ರಾತ್ರಿ ಅವಳ ಕನ್ನಡ ನೋಟ್‌ಬುಕ್ ತಿರುವಿ ಹಾಕುವಾಗ ನಾಲ್ಕೈದು ಪುಟ ಹೆಚ್ಚುಕಮ್ಮಿ ಖಾಲಿ ಕಂಡವು. ಮೇಲೆ ತಾರೀಖು, ಕೆಳಗೆ ಎರಡು ಮೂರು ಸಾಲು, ಅಷ್ಟೇ. ಕೆಂಪು ಪೆನ್ನಿನ ಗುರುತೂ ಇಲ್ಲ. ಇದೇನವ್ವಾ ಅಂತ ಕೇಳಿದೆ. "ಟೀಚರ್ ದಿನಾ ಹದಿನೈದು ನಿಮಿಷ ಸುಮ್ನ ಕೂಡ್ರಸ್ತಾರ ಪಪ್ಪಾ. ಓದಬೇಕಂದ್ರ ಓದಬಹುದು, ಬರೀಬೇಕಂದ್ರ ಬರೀಬಹುದು. ಮಾತಾಡಂಗಿಲ್ಲ, ಅಷ್ಟ" ಅಂದಳು.

ನಾನು ಆ ಪುಟಗಳ ಫೋಟೋ ತೆಗೆದು ಪೇರೆಂಟ್ಸ್ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. "ಇಷ್ಟು ಫೀ ತುಂಬಿ ಖಾಲಿ ಹಾಳೆ ನೋಡಬೇಕಾ?" ಅಂತ ಬರೆದೆ. ಹನ್ನೊಂದು ಜನ ಥಮ್ಸ್ ಅಪ್ ಒತ್ತಿದರು. ಮುಂದಿನ ವಾರ ಆ ಹದಿನೈದು ನಿಮಿಷ ನಿಂತಿತು. ಅದರ ಜಾಗಕ್ಕೆ ವರ್ಕ್‌ಶೀಟ್ ಬಂತು.

ತಮಾಷೆ ನೋಡಿ. ಅದೇ ದಿನ ನನ್ನ ಆಫೀಸ್ ಕ್ಯಾಲೆಂಡರಿನಲ್ಲಿ ಬೆಳಿಗ್ಗೆ ಎರಡು ತಾಸು 'ಫೋಕಸ್ ಟೈಮ್' ಅಂತ ಬ್ಲಾಕ್ ಆಗಿತ್ತು. ಯಾರೂ ಮೀಟಿಂಗ್ ಹಾಕಬಾರದು, ಯಾರೂ ಪಿಂಗ್ ಮಾಡಬಾರದು. ಗದ್ದಲ ಕೇಳಿಸದಿರಲಿ ಅಂತ ಸಾವಿರಾರು ರೂಪಾಯಿ ಕೊಟ್ಟು ಹೆಡ್‌ಫೋನ್ ಬೇರೆ ತಗೊಂಡಿದ್ದೇನೆ. ಕೋಡ್ ಬರೆಯುವ ನಿಮಗೆ ಗೊತ್ತೇ ಇದೆ, ಒಂದು ಬಗ್ ಹಿಡಿಯಲು ಇಡೀ ಬೆಳಿಗ್ಗೆ ಸ್ಕ್ರೀನ್ ನೋಡುತ್ತ ಕೂತು ಕೊನೆಗೆ ಬದಲಿಸುವುದು ಎರಡೇ ಸಾಲು. ಆ ಬೆಳಗಿನ ಫೋಟೋ ತೆಗೆದರೆ ಅಲ್ಲೂ ಕಾಣುವುದು ಖಾಲಿ ಹಾಳೆಯೇ. ನನಗೆ ಸಂಬಳ ಕೊಟ್ಟು ಸಿಗುವ ಆ ಮರ್ಯಾದೆಯನ್ನು ಎಂಟು ವರ್ಷದ ಕೂಸಿಗೆ ನಾನು ಕೊಡಲಿಲ್ಲ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಹೀಗೆ ಸುಮ್ಮನೆ ಕೂಡುವುದನ್ನು ನನಗೆ ಕಲಿಸಿದ್ದೇ ಸಾಲಿ. ನವಲಗುಂದ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ ಎರಡು ಅಂಕಣಕ್ಕೆ ಏಳು ಜನ. ಒಂದು ಕಡೆ ದನ, ಇನ್ನೊಂದು ಕಡೆ ಅಡಿಗೆ, ನಡುವೆ ರೇಡಿಯೋ. ಓದುವುದೆಂದರೆ ಒದರುವುದು. ಮಗ್ಗಿ ಒದರುವ ಸಪ್ಪಳ ಕೇಳಿದರೆ ಸಾಲಿ ನಡದೈತಿ ಅಂತ ಊರಿಗೆ ಸಮಾಧಾನ, ಸಪ್ಪಳ ಇಲ್ಲದಿದ್ದರೆ ಅನುಮಾನ. ನಮಗೆ ಗೊತ್ತಿದ್ದ ಮೌನ ಒಂದೇ, "ಕೈ ಕಟ್, ಬಾಯಿ ಮುಚ್" ಅನ್ನುವುದು. ಅದು ಶಿಕ್ಷೆಯ ಮೌನ. ಆಗ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ವಿಚಾರ, ಬೆಲ್ ಯಾವಾಗ ಹೊಡೀತಾರೆ ಅಂತ.

ಐದನೇತ್ತೆಯಲ್ಲಿ ಒಬ್ಬರು ಅಕ್ಕೋರು ಬಂದರು. ಬೀಗ ಹಾಕಿಟ್ಟಿದ್ದ ಪುಸ್ತಕದ ಟ್ರಂಕ್ ತೆಗೆಸಿದರು. ಶನಿವಾರ ಮುಂಜಾನೆ ಸಾಲಿಯ ಕೊನೆಯ ಅರ್ಧ ತಾಸು ಯಾರಿಗೆ ಯಾವ ಪುಸ್ತಕ ಬೇಕೋ ಅದು. ಅಕ್ಕೋರೂ ಒಂದು ಪುಸ್ತಕ ಹಿಡಿದು ನಮ್ಮ ಜೊತೆ ಕೂಡುತ್ತಿದ್ದರು. ಪ್ರಶ್ನೆ ಕೇಳುತ್ತಿರಲಿಲ್ಲ. ಮೊದಲ ಎರಡು ವಾರ ಕಿಸಕ್ ಅಂತ ನಗು ಬರುತ್ತಿತ್ತು. ಮೂರನೇ ವಾರ ಬೆಲ್ ಹೊಡೆದದ್ದು ನನಗೆ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ತಲೆಯೊಳಗೆ ನಾನೊಬ್ಬನೇ ಇದ್ದೆ.

ಜೋರಾಗಿ ಓದುವುದನ್ನು ಹಗುರ ಮಾಡಿ ಹೇಳುತ್ತಿಲ್ಲ. ಕುಮಾರವ್ಯಾಸನ ಭಾರತವನ್ನು ಒಬ್ಬರು ವಾಚಿಸಿ ಊರೆಲ್ಲ ಕೇಳಿದ ನಾಡು ನಮ್ಮದು. ಆದರೆ ಎಲ್ಲರ ಜೊತೆ ಕೇಳುವಾಗ ಕಥೆ ನಮಗಾಗಿ ನಿಲ್ಲುವುದಿಲ್ಲ. ಒಬ್ಬರೇ ಓದುವಾಗ ನಿಲ್ಲಿಸಬಹುದು, ಹಿಂದೆ ಹೋಗಬಹುದು, "ಇದು ಖರೇ ಏನು?" ಅಂತ ನಮ್ಮನ್ನೇ ಕೇಳಿಕೊಳ್ಳಬಹುದು.

ಇದರಿಂದ ಮಾರ್ಕ್ಸ್ ಬರುತ್ತವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದ ತನ್ನ ವರದಿಯಲ್ಲಿ, ಮಕ್ಕಳನ್ನು ತಾವಾಗಿ ಮೌನವಾಗಿ ಓದಲು ಹಚ್ಚಿದರೆ ಸಾಕು, ಓದು ಸುಧಾರಿಸುತ್ತದೆ ಅನ್ನಲು ತಕ್ಕಷ್ಟು ಪುರಾವೆ ಇಲ್ಲ ಅಂತ ಹೇಳಿತು. ಒಪ್ಪುತ್ತೇನೆ. ಅಕ್ಷರ ಕೂಡಿಸಲು ಬಾರದ ಮಗುವಿಗೆ ಬೇಕಾದದ್ದು ಪಕ್ಕದಲ್ಲಿ ಕೂತು ಕಲಿಸುವ ಟೀಚರ್. ಈ ಹದಿನೈದು ನಿಮಿಷ ಪಾಠದ ಬದಲಿ ಅಲ್ಲ. ಜಪಾನಿನ ಫುನಾಬಾಶಿಯ ಒಂದು ಹೈಸ್ಕೂಲಿನಲ್ಲಿ 1988ರಲ್ಲಿ ಬೆಳಗಿನ ಹತ್ತು ನಿಮಿಷದ ಓದು ಶುರುವಾಯಿತು. ಅದರ ನಿಯಮ ನಾಲ್ಕೇ: ಎಲ್ಲರೂ ಓದಬೇಕು, ದಿನಾ ಓದಬೇಕು, ಇಷ್ಟದ ಪುಸ್ತಕ ಓದಬೇಕು, ಬರೀ ಓದಬೇಕು. ಕೊನೆಯದು ನೋಡಿ. ವರದಿ ಬರೆಸುವುದಿಲ್ಲ, ಪರೀಕ್ಷೆ ಇಲ್ಲ. ಆ ಪದ್ಧತಿ ಮುಂದೆ ಆ ದೇಶದ ಸಾವಿರಾರು ಶಾಲೆಗಳಿಗೆ ಹಬ್ಬಿತು.

ಮನೆಯಲ್ಲೇ ಮಾಡಿಸಬಹುದಲ್ಲ ಅನ್ನುತ್ತೀರಾ? ನನ್ನ ಮಗಳಿಗೆ ತನ್ನದೇ ಕೋಣೆ ಇದೆ, ಬಾಗಿಲು ಹಾಕಿಕೊಳ್ಳಬಹುದು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮಗನಿಗೆ ಇರುವುದು ಒಂದೇ ಕೋಣೆ, ಅದರಲ್ಲೇ ಟಿವಿ. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ ಅಂತ ನಮ್ಮ ರಾಜ್ಯ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರು ಮಾಡಿತು. ಊಟ ಮನೆಯ ಜವಾಬ್ದಾರಿ ಅಂತ ಕೈತೊಳೆದುಕೊಳ್ಳಲಿಲ್ಲ. 2020ರಲ್ಲಿ 'ಓದುವ ಬೆಳಕು' ಅಂತ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳ ಸದಸ್ಯತ್ವವನ್ನು ಮಕ್ಕಳಿಗೆ ಉಚಿತ ಮಾಡಿತು. ಮನೆಯಲ್ಲಿ ಸಿಗದದ್ದನ್ನು ಊರು ಕೊಡಬೇಕು ಅನ್ನುವ ವಿಚಾರ ನಮಗೆ ಹೊಸದಲ್ಲ. ನಿಶ್ಶಬ್ದವೂ ಅಂಥದ್ದೇ. ದುಡ್ಡಿದ್ದವರು ಅದನ್ನು ಕೊಂಡುಕೊಳ್ಳುತ್ತಾರೆ, ಉಳಿದ ಮಕ್ಕಳಿಗೆ ಅದನ್ನು ಶಾಲೆಯೇ ಕೊಡಬೇಕು.

ಇದೆಲ್ಲ ನನಗೆ ಹೊಳೆದದ್ದು ಆ ಪುಟಗಳನ್ನು ತಡವಾಗಿ, ಪೂರ್ತಿ ಓದಿದ ಮೇಲೆ. ಮೊದಲ ದಿನ ಅವಳು ಬರೆದಿದ್ದಳು: 'ಅಜ್ಜನ ಮನೆಯಲ್ಲಿ ಎರಡು ಎತ್ತು ಇದ್ದವು. ಒಂದರ ಹೆಸರು ಬಸ್ಯಾ. ಇನ್ನೊಂದರ ಹೆಸರು ನೆನಪಿಲ್ಲ.' ಮರುದಿನ: 'ಇನ್ನೊಂದು ಬಿಳಿ ಎತ್ತು. ಒಂದು ಕೋಡು ಸೊಟ್ಟ ಇತ್ತು.' ಅದರ ಮರುದಿನ: 'ಹೆಸರು ಸಣ್ಣದು. ಇನ್ನೂ ಬಂದಿಲ್ಲ.' ನಾನು ಖಾಲಿ ಅಂದುಕೊಂಡ ಜಾಗದಲ್ಲಿ ಮಗು ನೆನಪು ಹುಡುಕುತ್ತಿತ್ತು.

ಪೇರೆಂಟ್ಸ್ ಮೀಟಿಂಗಿಗೆ ಹೋಗಿ ಟೀಚರ್ ಹತ್ತಿರ ಕ್ಷಮೆ ಕೇಳಿದೆ. ಅವರು ನಕ್ಕು, "ನನಗ ಹೇಳಿದ್ರ ಏನ್ ಆಗ್ತದ ಸರ್? ಗ್ರೂಪಿನ್ಯಾಗ ಬರದಿದ್ರಿ, ಗ್ರೂಪಿನ್ಯಾಗ ಬರೀರಿ" ಅಂದರು. ಬರೆದೆ. ಈ ಸಲ ಥಮ್ಸ್ ಅಪ್ ಬಂದದ್ದು ಮೂರೇ. ಮುಂದಿನ ವರ್ಷ ನೋಡೋಣ ಅಂತ ಶಾಲೆಯವರು ಹೇಳಿದ್ದಾರೆ. ನಾನೂ ಬಿಡುವುದಿಲ್ಲ, ಪ್ರತಿ ಮೀಟಿಂಗಿನಲ್ಲೂ ಕೇಳುತ್ತೇನೆ. ನಿಮ್ಮ ಮಕ್ಕಳ ಶಾಲೆಯಲ್ಲಿ ನೀವೂ ಒಂದು ಮಾತು ಕೇಳಿ ನೋಡಿ.

ಅಂದಹಾಗೆ, ಆ ಬಿಳಿ ಎತ್ತಿನ ಹೆಸರು ನನಗೆ ಗೊತ್ತು. ಮಗಳಿಗೆ ಹೇಳಿಲ್ಲ. ಅದು ಅವಳಿಗೇ ನೆನಪಾಗಲಿ.