ಜೇಬಿನ ಪೆನ್ನು ಯಾರದು?

ಐದು ಹತ್ತು ರೂಪಾಯಿಯ ಪೆನ್ನನ್ನೂ ನಾವು ಪರೀಕ್ಷಿಸದೆ ಕೊಳ್ಳುವುದಿಲ್ಲ. ಅಂಗಡಿಯವನು ಮುಂದಿಟ್ಟ ತುಂಡು ಕಾಗದದ ಮೇಲೆ ಗೀಚಿ ನೋಡುತ್ತೇವೆ. ಆ ಕಾಗದವನ್ನು ಒಮ್ಮೆ ಗಮನಿಸಿ. ಅದರ ತುಂಬ ಸುರುಳಿಗಳು, ಅಡ್ಡಗೆರೆಗಳು. ಎಲ್ಲಕ್ಕಿಂತ ಹೆಚ್ಚಾಗಿ ಸಹಿಗಳು. ಏನು ಬರೆಯಬೇಕೆಂದು ಯಾರೂ ಹೇಳದಿದ್ದಾಗ ಮನುಷ್ಯನ ಕೈ ತನ್ನ ಹೆಸರನ್ನೇ ಬರೆಯುತ್ತದೆ. ಇದು ತಪ್ಪೇನೂ ಅಲ್ಲ. ಆದರೆ ಇಲ್ಲಿ ಪರೀಕ್ಷೆಗೆ ಒಳಗಾದದ್ದು ಪೆನ್ನು ಮಾತ್ರವೇ, ಹಿಡಿದವನೂ ಹೌದೇ ಎಂಬ ಪ್ರಶ್ನೆ ವಿಚಾರಯೋಗ್ಯವಾದದ್ದು.

ಈ ಅಭ್ಯಾಸ ಬಹಳ ಹಳೆಯದು. ಮಧ್ಯಯುಗದ ಯೂರೋಪಿನ ಮಠಗಳಲ್ಲಿ ಗ್ರಂಥಗಳನ್ನು ನಕಲು ಮಾಡುತ್ತಿದ್ದ ಸನ್ಯಾಸಿಗಳು ಹಕ್ಕಿಯ ಗರಿಯನ್ನು ಲೇಖನಿಯಾಗಿ ಬಳಸುತ್ತಿದ್ದರು. ಮೊನೆ ಸವೆದಾಗ ಅದನ್ನು ಮತ್ತೆ ಕತ್ತರಿಸಿ, ಗ್ರಂಥದ ಕೊನೆಯ ಖಾಲಿ ಹಾಳೆಯಲ್ಲೋ ಅಂಚಿನಲ್ಲೋ ನಾಲ್ಕು ಮಾತು ಬರೆದು ನೋಡುತ್ತಿದ್ದರು. ಲತೀನ್ ಭಾಷೆಯಲ್ಲಿ ಇದಕ್ಕೆ ‘ಪ್ರೊಬಾತ್ಸಿಯೊ ಪೆನ್ನೆ’, ಅಂದರೆ ಲೇಖನಿಯ ಪರೀಕ್ಷೆ ಎಂದೇ ಹೆಸರಿದೆ. ಸುಮಾರು 1100ರ ಹೊತ್ತಿಗೆ ಇಂಗ್ಲೆಂಡಿನ ರಾಚೆಸ್ಟರ್ ಮಠದಲ್ಲಿ ಒಬ್ಬ ಸನ್ಯಾಸಿ ಹೀಗೆ ಪರೀಕ್ಷಿಸುತ್ತ, ಗೂಡು ಕಟ್ಟುವ ಹಕ್ಕಿಗಳನ್ನು ಕುರಿತ ಒಂದು ಒಲವಿನ ನುಡಿಯನ್ನು ಬರೆದಿಟ್ಟನು. ಆ ಹಾಳೆ 1932ರಲ್ಲಿ ಆಕ್ಸ್‌ಫರ್ಡಿನಲ್ಲಿ ಬೆಳಕಿಗೆ ಬಂತು. ಅದು ಹಳೆಯ ಡಚ್ ಭಾಷೆಯೆಂದೂ, ಬರೆದವನು ಸಮುದ್ರದಾಚೆಯ ಫ್ಲಾಂಡರ್ಸ್ ನಾಡಿನವನೆಂದೂ ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅವನ ಹೆಸರು ಯಾರಿಗೂ ತಿಳಿಯದು. ಪರದೇಶದಲ್ಲಿ ಕುಳಿತು, ಯಾರೂ ಓದಲಾರರೆಂಬ ಭರವಸೆಯಿಂದ ಬರೆದಾಗ ಅವನ ಒಳಗಿನ ಮಾತೃಭಾಷೆಯೂ ಹಂಬಲವೂ ತಾವಾಗಿ ಹೊರಬಂದವು. ಲೆಕ್ಕಕ್ಕಿಲ್ಲವೆಂದು ನಾವು ಭಾವಿಸುವ ಗಳಿಗೆಯಲ್ಲಿಯೇ ನಮ್ಮ ನಿಜಸ್ಥಿತಿ ಪ್ರಕಟವಾಗುತ್ತದೆ.

ಅಂಗಡಿಯ ಪರೀಕ್ಷೆಗೆ ಒಂದು ಮಿತಿಯಿದೆ. ಶಾಯಿ ಸರಾಗವಾಗಿ ಇಳಿಯುತ್ತದೆಯೇ, ಕೈಗೆ ಹಿತವಾಗಿದೆಯೇ ಎಂಬುದಷ್ಟೇ ಅಲ್ಲಿ ತಿಳಿಯುತ್ತದೆ. ಜೇಬಿನಲ್ಲಿಟ್ಟುಕೊಂಡು ಊರು ಬಿಟ್ಟಾಗಲೇ ಅದರ ಎರಡನೆಯ ಪರೀಕ್ಷೆ. ಇಂಕ್ ಪೆನ್ನು ಹಿಡಿದು ಪಯಣಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಅದರ ಕೊಳವೆಯಲ್ಲಿ ಶಾಯಿಯ ಜೊತೆಗೆ ಗಾಳಿಯೂ ಇರುತ್ತದೆ. ಮೇಲಕ್ಕೆ ಏರಿದಂತೆ ಹೊರಗಿನ ಒತ್ತಡ ಕಡಿಮೆಯಾಗಿ, ಒಳಗಿನ ಗಾಳಿ ಹಿಗ್ಗಿ, ಶಾಯಿಯನ್ನು ಹೊರಕ್ಕೆ ತಳ್ಳುತ್ತದೆ. ಮಂಗಳೂರಿನಿಂದ ಮಡಿಕೇರಿಗೆ ಘಟ್ಟ ಹತ್ತುವಾಗಲೂ ಈ ನಿಯಮ ಅಲ್ಪಸ್ವಲ್ಪ ಕೆಲಸ ಮಾಡುತ್ತದೆ; ಒಳಗಿನ ಒತ್ತಡವನ್ನು ಆರೇಳು ಸಾವಿರ ಅಡಿ ಎತ್ತರದ ಮಟ್ಟಕ್ಕೆ ಇಳಿಸಿರುವ ವಿಮಾನದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಅನುಭವಿಗಳು ಪೆನ್ನಿಗೆ ಪೂರ್ತಿ ಶಾಯಿ ತುಂಬಿ, ಇಲ್ಲವೇ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲ್ಮುಖವಾಗಿರುವಂತೆ ಇಟ್ಟುಕೊಳ್ಳುತ್ತಾರೆ. ಅಂಗಿಯನ್ನು ಕೆಡಿಸುವುದು ಹೆಚ್ಚಾಗಿ ಅರ್ಧ ತುಂಬಿದ ಪೆನ್ನು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿದ್ದು ಬಾಲ್ ಪೆನ್ನು. ಹಂಗೇರಿಯ ಪತ್ರಕರ್ತ ಲಾಸ್ಲೊ ಬಿರೊ ಅದಕ್ಕಾಗಿ 1938ರಲ್ಲಿ ಪೇಟೆಂಟ್ ಪಡೆದನು; ಬಳಿಕ ಅರ್ಜೆಂಟೀನಾಕ್ಕೆ ವಲಸೆ ಹೋಗಿ 1943ರಲ್ಲಿ ಅಲ್ಲಿಯೂ ಪಡೆದನು. ತುದಿಯಲ್ಲಿ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಚಿಕ್ಕದಾದ ಗುಂಡು, ಹಿಂದೆ ಮಂದವಾದ ಶಾಯಿ. ಗುಂಡು ಉರುಳಿದಷ್ಟೇ ಶಾಯಿ ಇಳಿಯುತ್ತದೆ. ಎತ್ತರದಲ್ಲಿ ಸೋರದ ಈ ಪೆನ್ನು ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯವರಿಗೆ ಒದಗಿಬಂತು. 1945ರಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ ಹನ್ನೆರಡೂವರೆ ಡಾಲರ್. ಸಾಮಾನ್ಯನ ಕೈಗೆ ಎಟುಕುವಂಥದಲ್ಲ. 1950ರಲ್ಲಿ ಫ್ರಾನ್ಸಿನಲ್ಲಿ ಮಾರ್ಸೆಲ್ ಬಿಕ್ ಅಗ್ಗದ ಪೆನ್ನನ್ನು ಹೊರತಂದ ಮೇಲೆ ಬರವಣಿಗೆಯ ಉಪಕರಣ ಎಲ್ಲರದಾಯಿತು. ನಮ್ಮಲ್ಲಿಯೂ ಬಿಳಿಯ ಮೈ, ನೀಲಿ ಮುಚ್ಚಳದ ರೆನಾಲ್ಡ್ಸ್ ಪೆನ್ನು ಒಂದು ತಲೆಮಾರಿನ ವಿದ್ಯಾರ್ಥಿಗಳನ್ನೆಲ್ಲ ಪರೀಕ್ಷೆ ದಾಟಿಸಿತು.

ಅಗ್ಗವಾದದ್ದರಿಂದ ಒಂದು ಹಾನಿಯೂ ಉಂಟಾಯಿತು. ಬಳಸಿ ಎಸೆಯುವುದು ಅಭ್ಯಾಸವಾಯಿತು. ಆದರೆ ಒಂದು ಲಾಭವೂ ಆಗಬೇಕಿತ್ತು. ಅಗ್ಗದ ವಸ್ತುವನ್ನು ಕೊಡುವುದು ಸುಲಭವಾಗಬೇಕಿತ್ತು. ಹಾಗಾಯಿತೇ? ಅಂಚೆ ಕಚೇರಿಯ, ಬ್ಯಾಂಕಿನ ಕೌಂಟರುಗಳಲ್ಲಿ ದಾರ ಕಟ್ಟಿದ ಪೆನ್ನುಗಳನ್ನು ಕಂಡಿದ್ದೇವೆ. ಅಪರಿಚಿತರು ಕೇಳಿದಾಗ ಮುಚ್ಚಳವನ್ನು ನಮ್ಮ ಕೈಯಲ್ಲೇ ಉಳಿಸಿಕೊಂಡು ಪೆನ್ನನ್ನಷ್ಟೇ ಕೊಡುವ ಜಾಣ್ಮೆಯೂ ನಮಗೆ ತಿಳಿದದ್ದೇ. ಮುಚ್ಚಳವಿಲ್ಲದ ಪೆನ್ನನ್ನು ಯಾರು ತಾನೇ ಒಯ್ದಾರು! ಇದನ್ನು ಪಾಪವೆನ್ನಲಾಗದು. ಆದರೆ ಕೆಲವೇ ರೂಪಾಯಿಯ ವಸ್ತುವಿನಲ್ಲಿ ನೆರೆಯವನನ್ನು ನಂಬಲಾರದ ಮನಸ್ಸು ದೊಡ್ಡ ಸಂಗತಿಗಳಲ್ಲಿ ಅವನನ್ನು ಹೇಗೆ ನಂಬೀತು?

ಮುಚ್ಚಳದ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಬಿಕ್ ಪೆನ್ನಿನ ಮುಚ್ಚಳದ ತುದಿಯಲ್ಲಿ ಒಂದು ತೂತಿರುತ್ತದೆ. ಆಕಸ್ಮಿಕವಾಗಿ ಮಗುವೊಂದು ಅದನ್ನು ನುಂಗಿ, ಗಂಟಲಿನಲ್ಲಿ ಸಿಕ್ಕಿಕೊಂಡರೆ ಉಸಿರು ಪೂರ್ತಿ ಕಟ್ಟದಿರಲೆಂದು 1991ರಿಂದ ಮಾಡಿದ ವ್ಯವಸ್ಥೆ ಇದು. ಬರೆಯುವವನಿಗೆ ಆ ತೂತಿನಿಂದ ಏನೂ ಪ್ರಯೋಜನವಿಲ್ಲ; ಇನ್ನೂ ಬರೆಯಲು ಬಾರದ ಮಗುವಿಗಾಗಿ ಅದು ಇದೆ. ಕೊಂಡವನಲ್ಲದ ಇನ್ನೊಬ್ಬರನ್ನೂ ಗಣನೆಗೆ ತೆಗೆದುಕೊಂಡಾಗಲೇ ಒಂದು ವಸ್ತು ನಿಜವಾಗಿ ಒಳ್ಳೆಯದೆನಿಸುತ್ತದೆ.

ಇಲ್ಲಿಂದ ಮೂರನೆಯ ಪರೀಕ್ಷೆಗೆ ಬರೋಣ. ರೈಲು ನಿಲ್ದಾಣದಲ್ಲಿ ಸೀಟು ಕಾಯ್ದಿರಿಸುವ ಅರ್ಜಿ, ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿ, 2017ರವರೆಗೆ ವಿದೇಶಕ್ಕೆ ಹೊರಟವರೆಲ್ಲ ವಿಮಾನ ನಿಲ್ದಾಣದಲ್ಲಿ ತುಂಬಬೇಕಿದ್ದ ನಿರ್ಗಮನ ಚೀಟಿ. ಇಂಥ ಕಡೆಗಳಲ್ಲಿ ಯಾರಾದರೂ ಹತ್ತಿರ ಬರುತ್ತಾರೆ. “ಸಾರ್, ಒಂದು ನಿಮಿಷ ಪೆನ್ನು ಕೊಡ್ತೀರಾ?” ಎಂದು ಮೊದಲು ಕೇಳುತ್ತಾರೆ. ಸ್ವಲ್ಪ ಹೊತ್ತು ಚೀಟಿಯನ್ನು ತಿರುಗಿಸಿ ನೋಡಿ, ದನಿ ತಗ್ಗಿಸಿ, “ಇದನ್ನು ನೀವೇ ಬರೆದುಕೊಡ್ತೀರಾ?” ಎನ್ನುತ್ತಾರೆ. ಗಲ್ಫ್ ನಾಡಿಗೆ ದುಡಿಯಲು ಹೊರಟ ತರುಣನಾಗಿರಬಹುದು. ಪಿಂಚಣಿ ಹಣಕ್ಕೆ ಬಂದ ಅಜ್ಜಿಯಾಗಿರಬಹುದು. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಸುಮಾರು ಶೇಕಡಾ 75. ಏಳು ವರ್ಷ ಮೀರಿದ ನಾಲ್ವರಲ್ಲಿ ಒಬ್ಬರು ಆಗ ಅನಕ್ಷರಸ್ಥರಾಗಿದ್ದರು.

ಆ ಕ್ಷಣದಲ್ಲಿ ಪೆನ್ನು ಹಿಡಿದವನ ಕೈಗೆ ಒಂದು ಅಧಿಕಾರ ಬರುತ್ತದೆ. ಹೇಳುವವರಿಗೆ ತಾವು ಹೇಳಿದ್ದೇ ಕಾಗದಕ್ಕೆ ಇಳಿಯಿತೇ ಎಂದು ತಿಳಿಯುವ ದಾರಿಯಿಲ್ಲ. ಒಂದು ಸೊನ್ನೆ ಹೆಚ್ಚಾದರೂ ಕಡಿಮೆಯಾದರೂ ಅವರು ಹೆಬ್ಬೆಟ್ಟು ಒತ್ತುತ್ತಾರೆ. ಆದ್ದರಿಂದ ಬರೆದುಕೊಡುವವನಿಗೆ ಮೂರು ಕರ್ತವ್ಯಗಳಿವೆ. ಅವರು ಹೇಳಿದ್ದನ್ನೇ ಬರೆಯಬೇಕು, ನಮಗೆ ಸರಿಯೆನಿಸಿದ್ದನ್ನಲ್ಲ. ಸಹಿಗೆ ಮುನ್ನ ಪೂರ್ತಿ ಓದಿ ಹೇಳಬೇಕು. ಅವರ ಹಣ, ವಿಳಾಸ, ಸಂಕಟಗಳ ಬಗ್ಗೆ ತಿಳಿದದ್ದನ್ನು ಅಲ್ಲಿಯೇ ಮರೆಯಬೇಕು. ಅದಕ್ಕೂ ಮೊದಲು, ಅವರಿಗೆ ನಾಚಿಕೆಯಾಗದಂತೆ ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸುವ ಸೌಜನ್ಯ ಇರಬೇಕು. ಸಹಾಯದ ಹೆಸರಿನಲ್ಲಿ ಅವಮಾನ ಮಾಡುವುದು ಸಹಾಯ ನಿರಾಕರಿಸುವುದಕ್ಕಿಂತ ಕೆಟ್ಟದ್ದು.

ಮೊಬೈಲ್ ಫೋನಿನ ಈ ಕಾಲದಲ್ಲಿ ಪೆನ್ನು ಯಾರಿಗೆ ಬೇಕು ಎಂದು ನೀವು ಕೇಳಬಹುದು. ಚೀಟಿಗಳು ಕಡಿಮೆಯಾಗಿವೆ, ನಿಜ. ಆದರೆ ಅದೇ ಅಜ್ಜಿ ಈಗ ತನ್ನ ಫೋನನ್ನೇ ಚಾಚಿ, “ಇದರಲ್ಲಿ ಏನೋ ನಂಬರು ಬಂದಿದೆ, ನೋಡಪ್ಪಾ” ಎನ್ನುತ್ತಾಳೆ. ಉಪಕರಣ ಬದಲಾಗಿದೆ, ನಂಬಿ ಕೈಗೊಪ್ಪಿಸುವವರ ಅಸಹಾಯಕತೆ ಬದಲಾಗಿಲ್ಲ. ಪೆನ್ನಿನಲ್ಲಿ ಪ್ರಾಮಾಣಿಕತೆಯನ್ನು ಕಲಿತವನು ಫೋನಿನಲ್ಲಿಯೂ ಅದನ್ನು ಉಳಿಸಿಕೊಳ್ಳುತ್ತಾನೆ.

ಮಕ್ಕಳಿಗೆ ಪೆನ್ನು ಕೊಡಿಸುವಾಗ ಚೆನ್ನಾಗಿ ಬರೆಯುತ್ತದೆಯೇ ನೋಡು ಎಂದು ಹೇಳುತ್ತೇವೆ. ಅದು ಬೇಕು. ಜೊತೆಗೆ, ಪಯಣಕ್ಕೆ ಹೊರಡುವಾಗ ಎರಡು ಪೆನ್ನು ಇಟ್ಟುಕೋ, ಒಂದು ನಿನಗೆ, ಒಂದು ಕೇಳುವವರಿಗೆ ಎಂದೂ ಹೇಳಿಕೊಡೋಣ. ಕೇಳಿದವರಿಗೆ ಮುಚ್ಚಳವನ್ನೂ ಸೇರಿಸಿ ಕೊಡಲಿ. ಅದು ಮರಳಿ ಬರಬಹುದು, ಬರದೆಯೂ ಇರಬಹುದು. ಬರದಿದ್ದರೆ ಕಳೆದದ್ದು ಕೆಲವು ರೂಪಾಯಿ. ಹೊತ್ತಿಗೆ ಒಬ್ಬರ ಕೆಲಸವಾಯಿತೆಂಬ ಸಮಾಧಾನ ಮಗುವಿನಲ್ಲಿ ಉಳಿಯುತ್ತದೆ.