ಬೂದು: ಇನ್ನೂ ಮುಗಿಯದ ಬಣ್ಣ

ಮದುವೆ ಜವಳಿ ತೆಗೆಯಲು ಕೂತವರ ಮುಂದೆ ಬೂದು ಬಣ್ಣದ ಸೀರೆ ಬಂದರೆ ಮನೆಯ ಹಿರಿಯರು ಅದನ್ನು ಬಿಡಿಸಿಯೂ ನೋಡದೆ ಪಕ್ಕಕ್ಕೆ ಸರಿಸುತ್ತಾರೆ. ಅರಿಸಿನಕ್ಕೆ, ಕುಂಕುಮಕ್ಕೆ, ಎಲೆಯ ಹಸಿರಿಗೆ ನಮ್ಮಲ್ಲಿ ಹಬ್ಬಗಳಿವೆ. ಬೂದು ಎಂದರೆ ಸ್ಮಶಾನ, ಮುಪ್ಪು, ಮುಗಿದುಹೋದದ್ದು. ಆದರೂ ಅದೇ ಹಿರಿಯರ ತಲೆಯಲ್ಲಿ ಆ ಬಣ್ಣ ಹರಡಿರುತ್ತದೆ, ಎಷ್ಟೋ ಮನೆಗಳಲ್ಲಿ ಅವರ ಹಣೆಯ ಮೇಲೂ ಮೂರು ಗೆರೆಯಾಗಿ ಇರುತ್ತದೆ. ಇಷ್ಟು ಹತ್ತಿರದ ಬಣ್ಣವನ್ನು ನಾವು ಕಣ್ಣಿಟ್ಟು ನೋಡಿದ್ದು ಕಡಿಮೆ. ನೋಡಿದ್ದರೆ ಅದನ್ನು ಮುಗಿದುಹೋದದ್ದರ ಬಣ್ಣ ಎನ್ನುತ್ತಿರಲಿಲ್ಲ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತಿರುವ ಬಂಡೆಯಿದೆ. ಬೆಳಗಿನ ವಾಯುವಿಹಾರಕ್ಕೆ ಬಂದವರು ಅದರ ಮೇಲೆ ಕೂತು ದಣಿವಾರಿಸಿಕೊಂಡು ಎದ್ದು ಹೋಗುತ್ತಾರೆ. ದೂರಕ್ಕೆ ಅದೆಲ್ಲ ಒಂದೇ ಬೂದು. ಮಂಡಿಯೂರಿ ಕೂತು ಕಣ್ಣನ್ನು ಗೇಣು ದೂರಕ್ಕೆ ತಂದರೆ ಆ ಬಣ್ಣ ಒಡೆದುಹೋಗುತ್ತದೆ. ಮಾಸಲು ಬಿಳಿಯ ಫೆಲ್ಡ್‌ಸ್ಪಾರ್ ಕಾಣುತ್ತದೆ, ಬೆಳಕು ಹಾಯುವ ಬೆಣಚು ಕಾಣುತ್ತದೆ, ನಡುನಡುವೆ ಎಳ್ಳಿನ ಗಾತ್ರದ ಕರಿ ಅಭ್ರಕ ಮಿನುಗುತ್ತದೆ. ಕಪ್ಪು ಒಂದು ಪಟ್ಟೆ, ಬಿಳಿ ಒಂದು ಪಟ್ಟೆ; ಕೆಲವು ಕಡೆ ಆ ಪಟ್ಟೆಗಳು ಬಾಗಿ ಬಳುಕಿವೆ. ನೆಲದಾಳದ ಕಾವು ಮತ್ತು ಒತ್ತಡಕ್ಕೆ ಈ ಕಲ್ಲು ಒಮ್ಮೆ ಮೆತ್ತಗಾಗಿ ಮಡಿಚಿಕೊಂಡದ್ದರ ಗುರುತು ಅದು. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು.ಎಫ್. ಸ್ಮೀತ್ ಈ ಬಗೆಯ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ವಯಸ್ಸು ಸುಮಾರು 300 ಕೋಟಿ ವರ್ಷ.

ಅಷ್ಟು ವಯಸ್ಸಾದದ್ದೂ ಇನ್ನೂ ಒಂದು ಸ್ಥಿತಿಗೆ ಬಂದು ನಿಂತಿಲ್ಲ. ಮಳೆಯ ನೀರು ಬಿರುಕಿಗೆ ಇಳಿದಂತೆ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಕಪ್ಪು ಖನಿಜದಲ್ಲಿರುವ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಕೆಮ್ಮಣ್ಣು ಬಹುಪಾಲು ಇಂಥ ಕಲ್ಲೇ ಶಿಥಿಲವಾಗಿ ಆದದ್ದು. ರಾಗಿ ಬೇರು ಬಿಡುವುದು ಆ ಮಣ್ಣಿನಲ್ಲಿ. ಹಾಗಿದ್ದ ಮೇಲೆ ಈ ಬೂದು ಬಂಡೆ ಹಿಂದೊಂದು ಕಾಲದಲ್ಲಿ ಆಗಿಹೋದದ್ದಲ್ಲ, ಈಗಲೂ ಆಗುತ್ತಿರುವುದು. ನಮ್ಮ ಆಯುಷ್ಯದ ಅಳತೆಗೆ ಸಿಗದಷ್ಟು ನಿಧಾನ, ಅಷ್ಟೇ.

ತಲೆಯ ನರೆಯೂ ಹೀಗೆಯೇ. ಕೂದಲ ಬುಡದಲ್ಲಿ ಬಣ್ಣ ಕಟ್ಟುವ ಜೀವಕೋಶಗಳಿರುತ್ತವೆ. ಎಲ್ಲ ಬುಡಗಳಲ್ಲೂ ಅವು ಒಂದೇ ದಿನ ಕೆಲಸ ಬಿಡುವುದಿಲ್ಲ. ಇಲ್ಲೊಂದು ಎಳೆ ಬೆಳ್ಳಗಾಗುತ್ತದೆ, ಪಕ್ಕದ್ದು ಕರಿಯಾಗಿಯೇ ಉಳಿಯುತ್ತದೆ. ನಾವು ನೋಡುವ ಬೂದು ಅವೆರಡೂ ಒಟ್ಟಿಗಿರುವ ಕಾಲದ್ದು. ಒಂದೊಂದೇ ಎಳೆ ಕಿತ್ತು ನೋಡಿದರೆ ಆ ಬಣ್ಣ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಕಪ್ಪು ಬಿಳುಪು ಸಿನಿಮಾದ ಫಿಲ್ಮಿನಲ್ಲೂ ಇರುವುದು ಬೆಳ್ಳಿಯ ಕರಿ ಕಣಗಳು ಮತ್ತು ಅವುಗಳ ನಡುವಿನ ಖಾಲಿ ಜಾಗ. ಕಣಗಳು ಒತ್ತಾಗಿದ್ದರೆ ಕತ್ತಲೆ, ವಿರಳವಾಗಿದ್ದರೆ ಬೆಳಕು, ಉಳಿದದ್ದೆಲ್ಲ ಬೂದು. 1970ರ ‘ಸಂಸ್ಕಾರ’ ಸಿನಿಮಾವನ್ನು ಛಾಯಾಗ್ರಾಹಕ ಟಾಮ್ ಕೋವನ್ ಹಾಗೆ ಕಪ್ಪು ಬಿಳುಪಿನಲ್ಲೇ ಚಿತ್ರಿಸಿದರು. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗುತ್ತಿಲ್ಲ; ಪ್ರಾಣೇಶಾಚಾರ್ಯನಾಗಿ ನಟಿಸಿದ ಗಿರೀಶ ಕಾರ್ನಾಡರ ಮುಖದಲ್ಲಿ ಒಂದು ನಂಬಿಕೆ ಕಳಚುತ್ತಿದೆ, ಇನ್ನೊಂದು ಹುಟ್ಟಿಲ್ಲ. ಆ ಮುಖಕ್ಕೆ ಬೂದಲ್ಲದೆ ಬೇರೆ ಬಣ್ಣ ಒಪ್ಪುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಇನ್ನು ಬೂದಿ. ಚಿಟಿಕೆ ಬೂದಿ ತೋರಿಸಿ ‘ಕೊನೆಗೆ ಎಲ್ಲ ಇಷ್ಟೇ’ ಎನ್ನುವ ವೈರಾಗ್ಯದ ಮಾತು ನಾವೆಲ್ಲ ಕೇಳಿದ್ದೇವೆ. ಆ ಮಾತಿಗೆ ಒಪ್ಪಲು ನನಗೆ ಆಗಿಲ್ಲ. ಒಣ ಕಟ್ಟಿಗೆ ಪೂರ್ತಿ ಉರಿದ ಮೇಲೆ ಉಳಿಯುವ ಬೂದಿ ಸಾಮಾನ್ಯವಾಗಿ ಅದರ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು. ಮಿಕ್ಕದ್ದು ನಾಶವಾಯಿತೇ? ಮರ ಗಾಳಿಯಿಂದ ಪಡೆದ ಇಂಗಾಲ ಗಾಳಿಗೆ ಮರಳಿತು. ನೀರು ಆವಿಯಾಗಿ ಹೋಯಿತು. ಎಲೆಗಳು ಬಿಸಿಲಿನಿಂದ ಕೂಡಿಟ್ಟದ್ದು ಒಲೆಯಲ್ಲಿ ಮತ್ತೆ ಬೆಳಕಾಗಿ, ಶಾಖವಾಗಿ ಬಿಡುಗಡೆಯಾಯಿತು. ಕೈಯಲ್ಲಿ ಉಳಿದದ್ದು ಬೇರು ನೆಲದಿಂದ ಎತ್ತಿಕೊಂಡಿದ್ದ ಸುಣ್ಣ, ಪೊಟ್ಯಾಶ್, ಇಂಥ ಖನಿಜಗಳು. ಅದು ಮಣ್ಣಿನ ಪಾಲು, ಮಣ್ಣಿಗೇ ಸಲ್ಲಬೇಕಾದದ್ದು. ಅದನ್ನೇ ಮರದ ಒಟ್ಟು ಬೆಲೆ ಎಂದು ಎತ್ತಿ ಹಿಡಿಯುವುದು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ ಹಾಗೆ.

ಬೂದಿಯ ಬಣ್ಣವೂ ಆ ಲೆಕ್ಕವನ್ನೇ ಹೇಳುತ್ತದೆ. ಬಿಳಿಯ ಖನಿಜದ ಪುಡಿಯಲ್ಲಿ ಸುಟ್ಟು ಮುಗಿಯದ ಇದ್ದಿಲ ಕಣಗಳು ಬೆರೆತಿರುವುದರಿಂದಲೇ ಬೂದಿ ಬೂದಾಗಿದೆ. ಇನ್ನೂ ಸುಟ್ಟರೆ ಬೆಳ್ಳಗಾಗುತ್ತದೆ. ವಿಭೂತಿ ಮಾಡುವವರಿಗೆ ಇದು ಗೊತ್ತು. ಸಗಣಿಯ ಬೆರಣಿಯನ್ನು ಚೆನ್ನಾಗಿ ಸುಟ್ಟು, ಬೂದಿಯನ್ನು ಸೋಸಿ, ನೀರಲ್ಲಿ ಕಲಸಿ, ಗಟ್ಟಿ ಕಟ್ಟಿ ಒಣಗಿಸುತ್ತಾರೆ. ವೀರಶೈವ ಲಿಂಗಾಯತ ಪರಂಪರೆಯಲ್ಲಿ ಅದು ಅಷ್ಟಾವರಣಗಳಲ್ಲಿ ಒಂದು. ಹಸುಗೂಸಿನ ಹಣೆಗೂ ಅದನ್ನು ಹಚ್ಚುತ್ತಾರೆ, ಬದುಕು ಶುರುವಾಗುವಾಗಲೇ.

ಕಟ್ಟಿಗೆ ಒಲೆಯ ಕಾಲದಲ್ಲಿ ರಾತ್ರಿ ಅಡುಗೆ ಮುಗಿದ ಮೇಲೆ ದಪ್ಪನೆಯ ಒಂದೆರಡು ಕೆಂಡಗಳನ್ನು ಒಲೆಯ ಮೂಲೆಗೆ ತಳ್ಳಿ, ಮೇಲೆ ಬೂದಿ ಮುಚ್ಚಿಡುತ್ತಿದ್ದರು. ಗಾಳಿ ಅಷ್ಟಾಗಿ ತಾಗದೆ ಕೆಂಡ ಮೆಲ್ಲಗೆ ಉರಿಯುತ್ತ ರಾತ್ರಿಯಿಡೀ ಉಳಿಯುತ್ತಿತ್ತು. ಬೆಳಿಗ್ಗೆ ಬೂದಿ ಕೆದಕಿ, ತೆಂಗಿನ ಗರಿಯ ಚೂರಿಟ್ಟು, ಊದುಕೊಳವೆಯಲ್ಲಿ ಊದಿದರೆ ಬೆಂಕಿ ಎದ್ದುಬಿಡುತ್ತಿತ್ತು. ನಿನ್ನೆ ಸುಟ್ಟುಹೋದದ್ದೇ ಇಂದಿನ ಬೆಂಕಿಯನ್ನು ಕಾಯ್ದಿರುತ್ತಿತ್ತು. ಹಗಲಿನಲ್ಲಿ ಅದೇ ಬೂದಿ ಪಾತ್ರೆಯ ಜಿಡ್ಡು ತೆಗೆಯುತ್ತಿತ್ತು, ಹೇನು ಹತ್ತಿದ ಅವರೆ ಗಿಡದ ಮೇಲೆ ಬೀಳುತ್ತಿತ್ತು, ತೆಂಗಿನ ಬುಡಕ್ಕೆ ಸೇರುತ್ತಿತ್ತು. ಅನಿತ್ಯ ಎಂದರೆ ಇಲ್ಲವಾಗುವುದು ಎಂದು ಕಲಿಸಿದವರು ಅಡುಗೆಮನೆಯನ್ನು ಕೇಳಲಿಲ್ಲ.

ಮುಸ್ಸಂಜೆಯಲ್ಲಿ ಲೋಕವೆಲ್ಲ ದಿನಕ್ಕೊಮ್ಮೆ ಈ ಬಣ್ಣದೊಳಗೆ ಹಾಯುತ್ತದೆ. ಬೆಳಕು ಕುಗ್ಗಿದಾಗ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಹಿಂದೆ ಸರಿದು, ಬೆಳಕಿನ ಹೆಚ್ಚುಕಡಿಮೆಯನ್ನಷ್ಟೇ ತಿಳಿಯುವ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ದಾಸವಾಳದ ಕೆಂಪು ಮೊದಲು ಕಪ್ಪಗಾಗುತ್ತದೆ, ಎಲೆ ಇನ್ನೂ ಸ್ವಲ್ಪ ಹೊತ್ತು ಕಾಣುತ್ತದೆ. ಆಮೇಲೆ ಎರಡೂ ಬೂದು. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಸುಮ್ಮನೆ ಕೂರುವ ರೂಢಿ ನಮ್ಮ ಹಿರಿಯರಿಗಿತ್ತು. ಈಗ ಅಷ್ಟರಲ್ಲಿ ದೀಪ ಹಾಕಿಬಿಡುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಬಿಡಲಾಗದು. ನಮ್ಮ ಬಯಲುಸೀಮೆಯ ಬಂಡೆಗುಡ್ಡಗಳು ಸಿಡಿಮದ್ದಿಗೆ ಸಿಕ್ಕಿ, ಕ್ರಷರ್‌ಗೆ ಹೋಗಿ ಜಲ್ಲಿಯಾಗುತ್ತಿವೆ. ‘ಯಾವುದೂ ಶಾಶ್ವತವಲ್ಲ ಬಿಡಿ’ ಎಂದು ಇದಕ್ಕೂ ಸಮಾಧಾನ ಹೇಳುವವರಿದ್ದಾರೆ. ಕಲ್ಲು ಮಣ್ಣಾಗುವುದು ಬೇರೆ, ಜಲ್ಲಿಯಾಗುವುದು ಬೇರೆ. ಮೊದಲನೆಯದರಲ್ಲಿ ರಾಗಿಗೆ, ಹುಲ್ಲಿಗೆ, ಇರುವೆಗೆ ಪಾಲಿದೆ. ಎರಡನೆಯದರಲ್ಲಿ ಗುಡ್ಡವಿದ್ದ ಕಡೆ ಹಳ್ಳ ಉಳಿಯುತ್ತದೆ. ಅವಸರಕ್ಕೆ ಅನಿತ್ಯತೆಯ ಹೆಸರು ಕೊಡುವುದು ಸರಿಯಲ್ಲ. ನಿಮ್ಮೂರ ಬಂಡೆ ಇನ್ನೂ ಉಳಿದಿದ್ದರೆ ಒಂದು ಬೆಳಿಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಕೈಗೆ ಭೂತಗನ್ನಡಿ ಕೊಡಿ. ಕರಿದೆಷ್ಟು, ಬಿಳಿದೆಷ್ಟು, ಅವರೇ ನೋಡಿ ಹೇಳಲಿ.